ಮಸಿ ಹಿಡಿದಲ್ಲಿ ಮಾತ್ರ ಹೆರೆಯಬೇಕು

ಕೊಡಗಿನ ಮನೆಗಳಲ್ಲಿರುವ ಹಳೆಯ ಕೋವಿಗಳು ಹೆಚ್ಚಾಗಿ ಕೆಡುವುದು ಕಬ್ಬಿಣದಲ್ಲಲ್ಲ, ಮರದಲ್ಲಿ. ಒರೆಸಿ ಇಟ್ಟುಕೊಂಡರೆ ನಳಿಗೆ ಮೂರು ತಲೆಮಾರು ಬಾಳುತ್ತದೆ. ಗುಂಡು ಹಾರಿಸುವ ಯಂತ್ರದ, ಅಂದರೆ ಲಾಕಿನ ಸ್ಪ್ರಿಂಗ್ ಮುರಿದರೆ ಬೇರೆ ಹಾಕಿಸಬಹುದು. ಆದರೆ ಹೆಬ್ಬೆರಳು ಕೂರುವ ಜಾಗದಿಂದ ಹಿಂದಕ್ಕೆ, ಹಿಡಿಯ ಕತ್ತಿನಲ್ಲಿ ಎಳೆಗುಂಟ ಒಂದು ಕೂದಲಿನಂಥ ಬಿರುಕು ಬಿಟ್ಟಿತೆಂದರೆ ಕೋವಿಯ ಆಯುಸ್ಸು ಎಣಿಕೆಗೆ ಬಂದಂತೆ. ಆ ಬಿರುಕಿಗೆ ಮರದ ವಯಸ್ಸನ್ನು ದೂರುವುದು ವಾಡಿಕೆ. ಬಿಚ್ಚಿ ನೋಡಿದರೆ ಬಹುಪಾಲು ಸಲ ತಪ್ಪು ಬೇರೆ ಕಡೆ ಇರುತ್ತದೆ: ಲೋಹ ಮತ್ತು ಮರ ಒಂದಕ್ಕೊಂದು ತಾಗಬೇಕಾದಲ್ಲಿ ತಾಗಿಲ್ಲ, ತಾಗಬಾರದಲ್ಲಿ ತಾಗಿದೆ.

ಮೂರು ಕೆಜಿ ತೂಕದ 12 ಬೋರ್ ಕೋವಿಯಲ್ಲಿ 32 ಗ್ರಾಂ ಚರೆಯ ತೋಟಾ ಹಾರಿಸಿದರೆ ಕೋವಿ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ಆ ಒದೆತವೆಲ್ಲ ಲೋಹದಿಂದ ಮರಕ್ಕೆ ದಾಟಿ, ಮರದಿಂದ ಭುಜಕ್ಕೆ ಬರಬೇಕು. ಅಗಲವಾದ ಚಪ್ಪಟೆ ಮುಖವೊಂದು ಇಡಿಯಾಗಿ ಮರಕ್ಕೆ ಒತ್ತಿಕೊಂಡಿದ್ದರೆ ಮರಕ್ಕೆ ಅದೊಂದು ತಳ್ಳು, ಅಷ್ಟೆ. ಅದೇ ಒದೆತ ನಳಿಗೆಯ ಹಿಂದಿನ ಕಿರಿದಾದ ಬಾಲದ ತುದಿಯಲ್ಲಿ ಮಾತ್ರ ತಾಗಿದರೆ ಬಾಲವೇ ಬೆಣೆಯಾಗುತ್ತದೆ. ಸೌದೆ ಸೀಳುವಾಗ ಬೆಣೆಯನ್ನು ಎಲ್ಲಿ ಹೊಡೆಯುತ್ತೇವೋ ಅದೇ ಜಾಗ, ಅದೇ ದಿಕ್ಕು. ಹಾಗಾಗಿ ಹೊಸ ಮರ ಕೂರಿಸುವಾಗಲೂ ಹಳೆಯದನ್ನು ಸರಿಪಡಿಸುವಾಗಲೂ ಕೆಲಸವೆಲ್ಲ ಕಾಗದದ ದಪ್ಪದ ಅಳತೆಯಲ್ಲೇ ನಡೆಯುತ್ತದೆ. ಆ ಅಳತೆಯಲ್ಲಿ ಉಳಿ ಒರಟು ಸಾಧನ. ಉಳಿ ಎಳೆಯ ದಿಕ್ಕು ಹಿಡಿದು ಓಡುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಎಬ್ಬಿಸುತ್ತದೆ. ಕೊನೆಯ ಅರ್ಧ ಮಿಲಿಮೀಟರಿನ ಕೆಲಸವನ್ನು ಹೆರೆಯುವ ಅಲಗಿಗೇ ಬಿಡಬೇಕು. ಬಡಗಿಗಳ ಬಾಯಲ್ಲಿ ಇದು ಸ್ಕ್ರೇಪರ್.

ಮುಂದೆ ಹೋಗುವ ಮೊದಲು ಕಾನೂನಿನ ಒಂದು ಮಾತು. ಕೋವಿ ಲೈಸನ್ಸಿಗೆ 1861ರಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು, ಒಯ್ಯಲು ಕೊಟ್ಟ ವಿನಾಯಿತಿ. ಕೋವಿ ರಿಪೇರಿಯನ್ನು ಕಸುಬಾಗಿ ಮಾಡುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸನ್ಸ್ ಬೇಕೇ ಬೇಕು. ಇಲ್ಲಿ ಹೇಳುತ್ತಿರುವುದು ಮರದ ಕೆಲಸ ಮಾತ್ರ. ಮರ ಕೂರುತ್ತಿಲ್ಲವೆಂದು ಲೋಹಕ್ಕೆ ಅರ ಹಾಕುವುದು ಕಾನೂನಿಗೂ ಸಲ್ಲ, ಕೋವಿಗೂ ಸಲ್ಲ.

ಹೆರೆಯುವ ಅಲಗನ್ನು ಕೊಳ್ಳುವುದೋ ಮಾಡಿಕೊಳ್ಳುವುದೋ? ಆಯತಾಕಾರದ ತೆಳು ಅಲಗು, ಅಂದರೆ ಹೊರಮೈ ನಯ ಮಾಡುವ ಕಾರ್ಡ್ ಸ್ಕ್ರೇಪರ್ ಬೇಕಿದ್ದರೆ ಕೊಂಡುಬಿಡಿ. ಬಾಹ್ಕೊ ಕಂಪನಿಯ 150 ಮಿ.ಮೀ. ಉದ್ದ, 0.8 ಮಿ.ಮೀ. ದಪ್ಪದ್ದು ಆನ್‌ಲೈನಿನಲ್ಲಿ ಸಿಗುತ್ತದೆ, ಉಕ್ಕು ಚೆನ್ನಾಗಿದೆ. ಅದರ ಜೊತೆಗೆ ಹಂಸದ ಕತ್ತಿನಂತೆ ಬಳುಕಿದ ಅಂಚಿನದು ಒಂದಿದ್ದರೆ ಹಿಡಿಯ ಕತ್ತಿನ ಒಳತಿರುವು ಸಲೀಸು. ಆದರೆ ಲೋಹ ಕೂರಲು ಮರದಲ್ಲಿ ತೋಡಿದ ಒಳಗೂಡಿನ ಕೆಲಸಕ್ಕೆಂದೇ ವಿದೇಶದಲ್ಲಿ ಮಾರುವ ಸೆಟ್‌ಗಳನ್ನು ತರಿಸುವುದು ನನ್ನ ಮಟ್ಟಿಗೆ ದುಡ್ಡಿನ ದಂಡ. ನಳಿಗೆ ಮಲಗುವ ಮರದ ತೋಡನ್ನು, ಅಂದರೆ ದೋಣಿಯನ್ನು ಹೆರೆಯಲು ಒಂದು ಸರಳಿಗೆ ಬಿಲ್ಲೆಗಳನ್ನು ಪೋಣಿಸಿದ ಸಾಧನ ಬರುತ್ತದೆ. ಅದರ ಅಳತೆಗಳು ಈಗಿನ ರೈಫಲ್ ನಳಿಗೆಗಳಿಗೆ ಹೊಂದುವಂಥವು. ನಮ್ಮ ಕಡೆಯ, ಬಾಯಿಯಿಂದ ಮದ್ದು ತುಂಬಿ ಕೇಪಿನಿಂದ ಹೊಡೆಯುವ ಹಳೆಯ ಕೇಪು ಕೋವಿಗಳಲ್ಲಿ ನಳಿಗೆಯ ಬುಡ ಎಂಟು ಮೂಲೆಯದಾಗಿ, ಮುಂದೆ ಹೋದಂತೆ ಗುಂಡಗಾಗುವುದುಂಟು. ಎಂಟು ಮೂಲೆಯ ದೋಣಿಗೆ ಗುಂಡು ಬಿಲ್ಲೆ ಏನೂ ಮಾಡಲಾರದು. ಅಲ್ಲಿ ಬೇಕಾದದ್ದು 135 ಡಿಗ್ರಿ ಮೂಲೆಯೊಳಗೆ ಇಳಿಯುವ, ಅದಕ್ಕಿಂತ ಸ್ವಲ್ಪ ಚೂಪಾಗಿ, ಸುಮಾರು 125 ಡಿಗ್ರಿಗೆ ಉಜ್ಜಿದ ಚಪ್ಪಟೆ ಅಲಗು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಉಕ್ಕು ಮಾತ್ರ ಸುತ್ತಮುತ್ತ ಬೇಕಾದಷ್ಟು ಬಿದ್ದಿರುತ್ತದೆ. ಕಬ್ಬಿಣದ ಸಾಮಾನು ಕತ್ತರಿಸುವ ದೊಡ್ಡ ವರ್ಕ್‌ಶಾಪಿನಲ್ಲಿ ತುಂಡಾದ ಪವರ್ ಹ್ಯಾಕ್ಸಾ ಬ್ಲೇಡ್ ಕೇಳಿ. ಸುಮಾರು 30 ಮಿ.ಮೀ. ಅಗಲ, 1.6ರಿಂದ 2 ಮಿ.ಮೀ. ದಪ್ಪ ಇರುತ್ತದೆ. ಇಡಿಯಾಗಿ ಹೈಸ್ಪೀಡ್ ಉಕ್ಕಿನದಾದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಗ್ರೈಂಡರಿನಲ್ಲಿ ಉಜ್ಜುವಾಗ ನೀಲಿ ಬಣ್ಣಕ್ಕೆ ತಿರುಗಿದರೂ ಇದರ ಹದ ಹೋಗುವುದಿಲ್ಲ, 500 ಡಿಗ್ರಿ ದಾಟುವವರೆಗೂ ಗಟ್ಟಿಯಾಗಿಯೇ ಇರುತ್ತದೆ. ಕೈಗರಗಸದ ತೆಳು ಬ್ಲೇಡ್ ಸುಮಾರು 0.6 ಮಿ.ಮೀ. ಮಾತ್ರ. ತೀರ ಸಣ್ಣ ಸಂದುಗಳಿಗೆ ಆದೀತು, ಆದರೆ ಹೆರೆಯುವಾಗ ನಡುಗುತ್ತದೆ. ಬೈಮೆಟಲ್ ಎಂದು ಬರೆದ ಬ್ಲೇಡಿನಲ್ಲಿ ಹಲ್ಲಿನ ಸಾಲು ಮಾತ್ರ ಗಟ್ಟಿ ಉಕ್ಕು. ಹಲ್ಲು ಉಜ್ಜಿ ತೆಗೆದರೆ ಉಳಿಯುವುದು ಮೆದು ಬೆನ್ನು, ಅದು ಅಂಚು ಹಿಡಿಯುವುದಿಲ್ಲ. ಇಷ್ಟು ತಿಳಿಯದೆ ದಿನವಿಡೀ ಸಾಣೆ ಹಿಡಿದು ಉಕ್ಕನ್ನು ಬೈಯುವವರಿದ್ದಾರೆ.

ಒಂದು ಬ್ಲೇಡಿನಿಂದ ಮೂರು ಅಲಗು ಆಗುತ್ತದೆ. 110ರಿಂದ 130 ಮಿ.ಮೀ. ಉದ್ದಕ್ಕೆ, 1 ಮಿ.ಮೀ. ಕಟಿಂಗ್ ಚಕ್ರದಲ್ಲಿ ಕತ್ತರಿಸಿ. ಮುರಿಯಲು ಹೋಗಬೇಡಿ, ಗಟ್ಟಿ ಉಕ್ಕು ಗಾಜಿನಂತೆ ಚೂರಾಗಿ ಕಣ್ಣಿಗೆ ಹಾರುತ್ತದೆ. ಕತ್ತರಿಸುವಾಗಲೂ ಕನ್ನಡಕ ತೆಗೆಯಬಾರದು. ಹಲ್ಲು ಪೂರ್ತಿ ಉಜ್ಜಿ ತೆಗೆದು, ಒಂದರ ತುದಿಯನ್ನು 6 ಮಿ.ಮೀ. ಅಗಲದ ಚೌಕ ಮಾಡಿ, ಇನ್ನೊಂದು ತುದಿ 10 ಮಿ.ಮೀ. ಇರಲಿ. ಎರಡನೆಯದರ ಒಂದು ತುದಿ 4 ಮಿ.ಮೀ. ತ್ರಿಜ್ಯದ ಅರ್ಧಚಂದ್ರ, ಇನ್ನೊಂದು 8. ಮೂರನೆಯದರ ತುದಿ ಓರೆ, ಮೂಲೆಗಳಿಗೆ. ಚೌಕ ತುದಿಯ ಅಲಗಿನ ಪಕ್ಕದ ಅಂಚುಗಳನ್ನು ಹಿಂದಕ್ಕೆ ಐದು ಡಿಗ್ರಿಯಷ್ಟು ಕಿರಿದಾಗಿಸುವುದನ್ನು ಮರೆಯಬಾರದು. ಮರೆತರೆ ಗೂಡಿನ ತಳ ಹೆರೆಯುವಾಗ ಅಲಗಿನ ಪಕ್ಕ ಗೋಡೆಯನ್ನೂ ಹೆರೆದು, ಅಂದವಾಗಿ ಕೂತಿದ್ದ ಸಂದನ್ನು ಬಾಯಿ ಬಿಡಿಸುತ್ತದೆ. ಪಕ್ಕದ ಗೋಡೆ ಹೆರೆಯಲೆಂದೇ ಬೇರೊಂದು ಅಲಗು ಇಟ್ಟುಕೊಳ್ಳುವುದು ಮೇಲು.

ಬಗ್ಗಿದ ತುದಿಯ ಅಲಗು ಒಂದಾದರೂ ಬೇಕು. ಟ್ರಿಗರ್ ಪಟ್ಟಿಯ ಗೂಡಿನ ತಳಕ್ಕೆ ನೇರ ಅಲಗು ಎಟಕುವುದಿಲ್ಲ. ಹೈಸ್ಪೀಡ್ ಉಕ್ಕನ್ನು ಬಗ್ಗಿಸಲು ಆಗದು, ಇದಕ್ಕೆ ಸವೆದ ಸಣ್ಣ ಅರವೇ ಸರಿ. ಅರದಲ್ಲಿ ಇಂಗಾಲ ಶೇ 1.2ರ ಹತ್ತಿರ ಇರುತ್ತದೆ, ಚೆನ್ನಾಗಿ ಹದ ಹಿಡಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರೆ ಮೆದುವಾಗುತ್ತದೆ. ಹಲ್ಲು ಉಜ್ಜಿ ಆಕಾರ ಕೊಟ್ಟು, ಮತ್ತೆ ಕೆಂಪಾಗಿಸಿ ಕೊನೆಯ 5 ಮಿ.ಮೀ. ಉದ್ದವನ್ನು ಇಕ್ಕಳದಲ್ಲಿ ಬಗ್ಗಿಸಿ. ಆಮೇಲೆ ಗಟ್ಟಿ ಮಾಡಬೇಕು. ಕಾಯುತ್ತಿರುವ ತುದಿಗೆ ಆಗಾಗ ಅಯಸ್ಕಾಂತ ಮುಟ್ಟಿಸುತ್ತಿರಿ. ಅಂಟುವುದು ನಿಂತ ಕೂಡಲೇ, ಅಂದರೆ 770 ಡಿಗ್ರಿಯ ಆಸುಪಾಸು, ಇನ್ನೊಂದು ಛಾಯೆ ಹೆಚ್ಚು ಕಾಯಿಸಿ, ಬೆಚ್ಚಗಿನ ಅಡುಗೆ ಎಣ್ಣೆಯಲ್ಲಿ ನೇರವಾಗಿ ಅದ್ದಿ. ಹೊಸ ಅರ ಅದರ ಮೇಲೆ ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಎಂದರ್ಥ. ಹಾಗೇ ಬಿಟ್ಟರೆ ಕೈತಪ್ಪಿ ಬಿದ್ದಾಗ ಎರಡಾಗುತ್ತದೆ. ತಿಕ್ಕಿ ಬೆಳ್ಳಗಾಗಿಸಿ ಅಡುಗೆಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಡಿ, ಮೈ ತೆಳು ಒಣಹುಲ್ಲಿನ ಬಣ್ಣಕ್ಕೆ ಬರಬೇಕು. ನೇರಳೆ ದಾಟಿ ನೀಲಿಗೆ ಹೋದರೆ ಹದ ಇಳಿದುಹೋಯಿತು, ಮೊದಲಿಂದ ಶುರುಮಾಡಬೇಕು.

ಈ ಅಲಗುಗಳ ಹಿಡಿಗೆ ಬೇರೆ ಮರ ಹುಡುಕಬೇಕಿಲ್ಲ. ತೋಟದಲ್ಲಿ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಕಾಂಡ ನೆರಳಿನಲ್ಲಿ ಒಂದು ವರ್ಷ ಒಣಗಿದ್ದರೆ ಅದರಷ್ಟು ಒತ್ತಾದ, ಕೈಗೆ ತಂಪಾಗಿ ಕೂರುವ ಹಿಡಿ ಇನ್ನೊಂದಿಲ್ಲ. ಹಸಿಯಾಗಿದ್ದಾಗ ಮಾಡಿದರೆ ಸೀಳುತ್ತದೆ.

ಗುಂಡು ನಳಿಗೆಯ ದೋಣಿಗೆ ಬಿಲ್ಲೆ ಬೇಕು. ಲೇತ್ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ ಬಿಲ್ಲೆ ತಿರುಗಿಸಿ ಕೊಡುತ್ತಾರೆ. ಅಂಚು ನೇರ 90 ಡಿಗ್ರಿ ಇರಲಿ, ಅಲಂಕಾರಕ್ಕೆ ಓರೆ ಹಾಕಬೇಡಿ ಎಂದು ಮೊದಲೇ ಹೇಳಿ. ಹಾರ್ಡ್‌ವೇರ್ ಅಂಗಡಿಯ ವಾಷರ್ ಮೆದು ಕಬ್ಬಿಣ, ತೇಗದಲ್ಲಿ ಎರಡು ಅಡಿ ಎಳೆಯುವಷ್ಟರಲ್ಲಿ ಮೊಂಡಾಗುತ್ತದೆ. ನಳಿಗೆ ಮುಂದೆ ಹೋದಂತೆ ತೆಳುವಾಗುವುದರಿಂದ ಬಿಲ್ಲೆ ಎಷ್ಟು ಬೇಕೆಂಬ ಗೊಂದಲ ಎಲ್ಲರಿಗೂ ಬರುತ್ತದೆ. ಇಲ್ಲಿ ಒಂದು ಸರಳ ಗಣಿತ ಕೈಹಿಡಿಯುತ್ತದೆ. ಬಿಲ್ಲೆಯನ್ನು ನೇರ ನಿಲ್ಲಿಸದೆ ಎಳೆಯುವ ದಿಕ್ಕಿಗೆ ವಾಲಿಸಿದರೆ ತಳದಲ್ಲಿ ಅದು ಕೊರೆಯುವ ಕಮಾನು ಅಗಲವಾಗುತ್ತದೆ. 24 ಮಿ.ಮೀ. ಬಿಲ್ಲೆಯನ್ನು 30 ಡಿಗ್ರಿ ವಾಲಿಸಿದರೆ ತಳದಲ್ಲಿ ಸುಮಾರು 27.7 ಮಿ.ಮೀ. ಬಿಲ್ಲೆಯಂತೆ ಕೆಲಸ ಮಾಡುತ್ತದೆ. ಆದ್ದರಿಂದ ದೋಣಿಯ ಅತಿ ಕಿರಿದಾದ ಜಾಗಕ್ಕಿಂತ ಅರ್ಧ ಮಿ.ಮೀ. ಚಿಕ್ಕದೊಂದು, ಮಧ್ಯಕ್ಕೆ ಇನ್ನೊಂದು, ಎರಡು ಬಿಲ್ಲೆ ಸಾಕು. ದೊಡ್ಡ ಬಿಲ್ಲೆ ಎಂದೂ ಬೇಡ. ದೋಣಿಗಿಂತ ದೊಡ್ಡದಾದರೆ ತಳ ಮುಟ್ಟುವ ಮೊದಲೇ ಮೇಲಂಚುಗಳನ್ನು ತಿನ್ನುತ್ತದೆ. ಕಣ್ಣಿಗೆ ಕಾಣುವ ಸಂದು ಅದೊಂದೇ, ಅದನ್ನು ಕಳೆದುಕೊಂಡರೆ ಮರಳಿ ತರಲಾಗದು.

ಅಂಚಿನ ವಿಚಾರ. ಗಟ್ಟಿ ಉಕ್ಕಿನ ಒಳಗೂಡಿನ ಅಲಗಿಗೆ ಕೊಕ್ಕೆ, ಅಂದರೆ ಒತ್ತಿ ಬಗ್ಗಿಸಿದ ಸಣ್ಣ ಅಂಚು, ಎಬ್ಬಿಸುವುದು ಬೇಡ. ತುದಿಯನ್ನು ನೇರವಾಗಿ ಉಜ್ಜಿ, 400 ಆಮೇಲೆ 1000 ನಂಬರಿನ ಕಲ್ಲಿನ ಮೇಲೆ ತುದಿಯನ್ನೂ ಎರಡು ಚಪ್ಪಟೆ ಮೈಗಳನ್ನೂ ತೀಡಿದರೆ ಸಾಕು. ಚಪ್ಪಟೆ ಮೈ ತೀಡದೆ ಬಿಡುವುದೇ ಸಾಮಾನ್ಯ ತಪ್ಪು. ಅಂಚು ಎಂದರೆ ಎರಡು ಮೈ ಕೂಡುವ ಗೆರೆ, ಒಂದು ಮೈ ಒರಟಾದರೆ ಗೆರೆಯೂ ಒರಟೇ. ಹೊರಮೈಯ ತೆಳು ಕಾರ್ಡಿಗೆ ಮಾತ್ರ ಕೊಕ್ಕೆ ಬೇಕು. ಹಳೆಯ ಎಂಜಿನ್ ವಾಲ್ವಿನ ನಯವಾದ ಕಾಂಡವನ್ನು ಅಂಚಿನ ಮೇಲೆ ಮೊದಲು ನೇರವಾಗಿ, ಆಮೇಲೆ ಐದು ಡಿಗ್ರಿ ವಾಲಿಸಿ ಎರಡು ಮೂರು ಸಲ ಒತ್ತಿ ಎಳೆಯಿರಿ. ಉಗುರು ತಾಗಿಸಿದರೆ ಸಣ್ಣಗೆ ಕಚ್ಚಬೇಕು. ಅಲಗು ಹರಿತವಾಗಿದೆಯೋ ಇಲ್ಲವೋ ಎಂದು ಮರವೇ ಹೇಳುತ್ತದೆ: ಈರುಳ್ಳಿ ಸಿಪ್ಪೆಯ ಒಳಪೊರೆಯಂಥ ತೆಳು ಸುರುಳಿ ಬಂದರೆ ಸರಿ, ಪುಡಿ ಬಂದರೆ ಕಲ್ಲಿಗೆ ಹೋಗಿ.

ಇನ್ನು ಮಸಿ. ಲೋಹ ಮರಕ್ಕೆ ಎಲ್ಲಿ ತಾಗುತ್ತಿದೆ ಎಂದು ತೋರಿಸುವುದು ಅದೇ. ಇದಕ್ಕೆಂದೇ ಡಬ್ಬಿಯಲ್ಲಿ ಬರುವ ಕಪ್ಪು ಲೇಪ ಇದೆ, ಆದರೆ ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದರೂ ಚೆನ್ನಾಗಿ ಕೂರುತ್ತದೆ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ. ಮನೆಯಲ್ಲಿ ಹರಳೆಣ್ಣೆ ದೀಪದಿಂದ ಮಾಡಿದ ಕಾಡಿಗೆ ಇದಕ್ಕೆ ಹೇಳಿ ಮಾಡಿಸಿದ ವಸ್ತು, ಡಬ್ಬಿಯ ಲೇಪವೂ ಹೆಚ್ಚುಕಡಿಮೆ ಎಣ್ಣೆಯಲ್ಲಿ ಕಲಸಿದ ಮಸಿಯೇ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಲೋಹ ಬೂದುಬಣ್ಣಕ್ಕೆ ತಿರುಗುವಷ್ಟು ಮಾತ್ರ ಸವರಿ. ಕಪ್ಪಗೆ ಬಳಿದರೆ ಎಲ್ಲ ಕಡೆ ಮೆತ್ತಿಕೊಂಡು ಸುಳ್ಳು ಹೇಳುತ್ತದೆ.

ಕೋವಿ ಖಾಲಿಯಿದೆ ಎಂದು ಎರಡು ಸಲ ನೋಡಿ, ಕೇಪು ಕೋವಿಯಾದರೆ ಗಜ (ಮದ್ದು ಒತ್ತುವ ಸರಳು) ಇಳಿಸಿ ಆಳ ಅಳೆದು ಮದ್ದು ತುಂಬಿಲ್ಲವೆಂದು ಖಚಿತ ಮಾಡಿಕೊಂಡು, ಆಮೇಲೆ ಬಿಚ್ಚಿ. ಮಸಿ ಸವರಿದ ಭಾಗವನ್ನು ನೇರವಾಗಿ ಗೂಡಿಗಿಳಿಸಿ ಮರದ ಕೊಡತಿಯಿಂದ ಒಂದೇ ಒಂದು ಮೆಲ್ಲನೆಯ ಏಟು ಕೊಟ್ಟು, ಇಳಿಸಿದಷ್ಟೇ ನೇರವಾಗಿ ಎತ್ತಿ. ಅಲುಗಾಡಿಸಿ ಎತ್ತಿದರೆ ಅಂಚು ಜಜ್ಜುತ್ತದೆ. ಈಗ ಬೆಳಕನ್ನು ಪಕ್ಕದಿಂದ ಬೀಳುವಂತೆ ಇಟ್ಟು ನೋಡಿ. ಎರಡು ತರದ ಕಪ್ಪು ಕಾಣುತ್ತದೆ. ಒಂದು ಗಾಢ, ಅಂಚು ಸ್ಪಷ್ಟ, ಮಧ್ಯದಲ್ಲಿ ಮರ ಒತ್ತಿ ಹೊಳಪಾಗಿರುತ್ತದೆ. ಅದು ನಿಜವಾಗಿ ತಾಗುತ್ತಿರುವ ಜಾಗ. ಇನ್ನೊಂದು ಗೋಡೆಗುಂಟ ಮೇಲಿಂದ ಕೆಳಗೆ ಗೀಚಿದಂತೆ ಮಸುಕಾಗಿರುತ್ತದೆ, ಇಳಿಯುವಾಗ ಸವರಿಕೊಂಡದ್ದು. ಗಾಢ ಕಪ್ಪನ್ನು ಮಾತ್ರ, ಕಪ್ಪು ಹೋಗುವಷ್ಟು ಮಾತ್ರ ಹೆರೆಯಿರಿ. ಮತ್ತೆ ಮಸಿ, ಮತ್ತೆ ಇಳಿಸು, ಮತ್ತೆ ಎತ್ತು. ಒಂದು ಲಾಕು ಕೂರಲು ಐವತ್ತು ಸಲ, ನೂರು ಸಲ ಹೀಗೆ ಆಗಬಹುದು. ಮೊದಲು ಮೂರು ಚುಕ್ಕಿ, ಆಮೇಲೆ ಹತ್ತು, ಕೊನೆಗೆ ಒತ್ತಬೇಕಾದ ಮುಖವೆಲ್ಲ ನವಿರಾದ ಕಪ್ಪು ಚುಕ್ಕಿಗಳಿಂದ ತುಂಬಬೇಕು. ಸಾಲಾಗಿ ಅಲೆಯಂಥ ಗೆರೆ ಎದ್ದರೆ ಅಲಗು ನಡುಗುತ್ತಿದೆ ಎಂದರ್ಥ. ಹಿಡಿತ ತುದಿಯ ಹತ್ತಿರ ತಂದು, ಅಲಗನ್ನು 20–30 ಡಿಗ್ರಿ ಓರೆಯಾಗಿ ತಿರುಗಿಸಿ, ಇನ್ನೊಂದು ದಿಕ್ಕಿನಿಂದ ಎಳೆಯಿರಿ. ಅವಸರಕ್ಕೆ ಮರಳು ಕಾಗದ ಹಾಕಬೇಡಿ. ಅಂಚುಗಳು ದುಂಡಗಾಗುತ್ತವೆ, ಕಾಗದದ ಹರಳು ಮರದಲ್ಲಿ ಹುದುಗಿ ಮುಂದಿನ ಎಳೆತಕ್ಕೆ ಅಲಗಿನ ಅಂಚನ್ನೇ ಕೆಡಿಸುತ್ತದೆ.

ಎಲ್ಲಿ ತಾಗಬೇಕು? ಮಡಚುವ ಕೋವಿಯಲ್ಲಿ ಬಾಡಿಯ, ಅಂದರೆ ನಳಿಗೆ ಕೂಡುವ ಲೋಹದ ಒಡಲಿನ ಹಿಂದಿನ ಚಪ್ಪಟೆ ಮುಖ ಎರಡೂ ಬದಿಯಲ್ಲಿ ಸಮನಾಗಿ ಮರಕ್ಕೆ ಒತ್ತಬೇಕು. ಒಂದೇ ಬದಿ ಒತ್ತಿದರೆ ಆ ಬದಿ ಸಿಬಿರು ಏಳುತ್ತದೆ. ಕೇಪು ಕೋವಿಯಲ್ಲಿ ನಳಿಗೆಯ ಬುಡದ ಮುಖ ಒತ್ತಬೇಕು. ಎಲ್ಲಿ ತಾಗಬಾರದು? ಬಾಲದ ತುದಿಯ ಹಿಂದೆ, ಮತ್ತು ಪಕ್ಕದ ಲಾಕಿನ ಪಟ್ಟಿಯ ಹಿಂದಿನ ಮೊನೆಯಲ್ಲಿ. ಅಲ್ಲಿ 0.3ರಿಂದ 0.5 ಮಿ.ಮೀ. ಬಿಡುವು ಹೆರೆದು ತೆಗೆಯಬೇಕು, ದಪ್ಪ ಲಗ್ನಪತ್ರಿಕೆಯ ಕಾಗದ ತೂರುವಷ್ಟು. ನೋಡಲು ಅದೊಂದು ಸಣ್ಣ ಕುಂದು. ಸಂದೇ ಕಾಣದಂತೆ ಕೂರಿಸಿದ್ದೇನೆ ಎಂದು ಹೆಮ್ಮೆಪಡುವ ಕೆಲಸಗಾರ ಸೀಳುವ ಹಿಡಿ ಕೊಟ್ಟಿರುತ್ತಾನೆ. ಲಾಕಿನ ಒಳಗೆ ಆಡುವ ಭಾಗಗಳಿಗೆ ಸುತ್ತಲೂ ಒಂದು ಮಿ.ಮೀ. ಖಾಲಿ ಇರಲಿ. ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಅರ್ಧ ಎತ್ತಿದ ಸ್ಥಿತಿಯಲ್ಲಿ ಹಿಡಿದಿಡುವ ಕೊಂಡಿ ಮರಕ್ಕೆ ಉಜ್ಜಿದರೆ ಪೂರ್ತಿ ಕಚ್ಚುವುದಿಲ್ಲ, ಕುದುರೆ ತಾನಾಗಿ ಬೀಳಬಹುದು. ಇದೊಂದನ್ನು ಲೈಸನ್ಸ್ ಇರುವ ಕೋವಿ ಕೆಲಸದವರಿಗೆ ತೋರಿಸದೆ ಮದ್ದು ತುಂಬಬಾರದು.

ಮರದ ಗುಣಕ್ಕೆ ತಕ್ಕಂತೆ ಅಲಗು ವರ್ತಿಸುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಂಚು ಬೇಗ ಹೋಗುತ್ತದೆ, ಕಲ್ಲು ಪಕ್ಕದಲ್ಲೇ ಇರಲಿ. ಬೀಟೆ ಭಾರ, ಎಳೆ ಹಿಂದುಮುಂದಾಗಿ ಹೆಣೆದಿರುತ್ತದೆ. ಉಳಿಗೆ ಕಿತ್ತುಬರುವ ಅದೇ ಮರ ಅಲಗಿಗೆ ಗಾಜಿನಂತೆ ನಯವಾಗುತ್ತದೆ. ಅದರ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ, ಮಾಸ್ಕ್ ಹಾಕಿ. ಬೀಟೆಯಾಗಲಿ ತೇಗವಾಗಲಿ ಸ್ವಂತ ತೋಟದ್ದಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಳೆಯ ಮನೆಯ ತೊಲೆ ಸಿಕ್ಕರೆ ಅದೇ ಉತ್ತಮ. ಸಿಲ್ವರ್ ಓಕ್ ಕೈಗೆ ಸುಲಭವಾಗಿ ಸಿಗುತ್ತದೆಂದು ಕೋವಿಯ ಹಿಡಿಗೆ ತರಬೇಡಿ. ಒದೆತ ತಾಳುವ, ಸ್ಕ್ರೂ ಹಿಡಿದಿಡುವ ಗಟ್ಟಿತನ ಅದಕ್ಕಿಲ್ಲ.

ಹಳೆಯ ಹಿಡಿಗಳಲ್ಲಿ ಸುರುಳಿಯೂ ಬರದೆ ಪುಡಿಯೂ ಬರದೆ, ಕಪ್ಪು ಹಿಟ್ಟಿನಂತೆ ಅಲಗಿಗೆ ಮೆತ್ತಿಕೊಳ್ಳುವ ಜಾಗ ಸಿಗುತ್ತದೆ. ಅದು ಎಣ್ಣೆ ಕುಡಿದು ಕೊಳೆತ ಮರ. ಮಳೆಗಾಲದಲ್ಲಿ ತುಕ್ಕಿಗೆ ಹೆದರಿ ನಳಿಗೆ, ಲಾಕಿಗೆ ಎಣ್ಣೆ ಸುರಿದು ಕೋವಿಯನ್ನು ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ಇಳಿದು ಕತ್ತಿನ ಮರಕ್ಕೇ ಸೇರುತ್ತದೆ. ಚಾಕ್ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಹಚ್ಚಿ, ಒಣಗಿ ಹಳದಿಯಾದ ಮೇಲೆ ಕೊಡವಿ ಮತ್ತೆ ಹಚ್ಚಬೇಕು, ಪುಡಿ ಬೆಳ್ಳಗೇ ಉಳಿಯುವವರೆಗೆ. ಬೆಂಕಿಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಮಾಡಿ. ಇನ್ನು ಮುಂದೆ ಎಣ್ಣೆ ಬಟ್ಟೆಯಲ್ಲಿ ಒರೆಸಿದಷ್ಟೇ ಇರಲಿ, ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿ.

ಯಾವಾಗ ಮಾಡಬೇಕು ಎಂಬುದಕ್ಕೆ ಕೊಡಗಿನಲ್ಲಿ ಬೇರೆ ಕಡೆಗಿಂತ ಹೆಚ್ಚು ತೂಕವಿದೆ. ಗಾಳಿಯ ತೇವ ಶೇ 90 ಇದ್ದರೆ ಮರದೊಳಗಿನ ತೇವ ನಿಧಾನಕ್ಕೆ ಶೇ 20ರ ಹತ್ತಿರ ಹೋಗುತ್ತದೆ, ಗಾಳಿ ಶೇ 50ಕ್ಕೆ ಇಳಿದರೆ ಮರ ಶೇ 9ಕ್ಕೆ ಬರುತ್ತದೆ. ಮಡಿಕೇರಿಯ ಜುಲೈಗೂ ಫೆಬ್ರವರಿಗೂ ನಡುವೆ ಮರ ಉಸಿರಾಡುವ ದೂರ ಅಷ್ಟು. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ತೋಕ್‌ಪೂ (ಗೌರಿ ಹೂ) ಸಿಕ್ಕಿಸಿ ಪೂಜೆಗಿಡಲು ಆಗಸ್ಟ್ ಕೊನೆಯಲ್ಲಿ ಎಲ್ಲರೂ ಕೋವಿ ಹೊರತೆಗೆಯುತ್ತಾರೆ, ಮರ ಬಿಗಿದುಕೊಂಡದ್ದು ಕಂಡು ಆಗಲೇ ಸರಿಮಾಡಲು ಹೊರಡುತ್ತಾರೆ. ಒರೆಸಿ, ಹೊಳಪು ಕೊಟ್ಟು ಪೂಜೆಗಿಡಿ. ಹೆರೆಯುವ ಕೆಲಸಕ್ಕೆ ವರ್ಷದಲ್ಲಿ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಉಬ್ಬಿದ ಮರಕ್ಕೆ ಬೇಸಿಗೆಯಲ್ಲಿ ಏನಾಗುತ್ತದೋ ಹೇಳಲಾಗದು. ಕಾಫಿ ಕುಯಿಲು ಮುಗಿದ ಫೆಬ್ರವರಿಯಿಂದ ಏಪ್ರಿಲ್ ಮಳೆಯವರೆಗಿನ ದಿನಗಳು ಸರಿ. ಮರದ ತುಂಡನ್ನು ಮೊದಲೇ ತಂದು ಎರಡು ತಿಂಗಳು ಮನೆಯೊಳಗೆ ಇಟ್ಟಿರಬೇಕು.

ಒಣ ಕಾಲದಲ್ಲಿ ಬಿಗಿಯಾಗಿ ಕೂರಿಸಿದ್ದು ಮಳೆಗಾಲದಲ್ಲಿ ಕಚ್ಚಿಕೊಳ್ಳುವುದಕ್ಕೆ ಕಾರಣ ಗೂಡಿನ ಒಳಮೈ. ಹೊರಗೆ ಪಾಲಿಷ್ ಇದೆ, ಒಳಗೆ ಬರಿ ಮರ ಬಾಯಿ ತೆರೆದು ಕೂತಿದೆ. ತೇವ ಮೊದಲು ಅಲ್ಲಿಗೇ ನುಗ್ಗಿ ಒಳಕ್ಕೆ ಉಬ್ಬಿಸುತ್ತದೆ. ಆದ್ದರಿಂದ ಹೆರೆದು ಮುಗಿದ ಮೇಲೆ ಕೊನೆಯ ಮಸಿಯನ್ನು ಸ್ಪಿರಿಟಿನಲ್ಲಿ ಒರೆಸಿ, ತೆಳು ಅರಗಿನ ಪಾಲಿಷನ್ನು ಸಣ್ಣ ಬ್ರಷ್ಷಿನಲ್ಲಿ ಮೂರು ಸಲ, ಒಂದೊಂದಕ್ಕೂ ಒಂದು ದಿನ ಬಿಟ್ಟು, ಗೂಡಿನ ಮೂಲೆಮೂಲೆಗೂ ಹಚ್ಚಿ. ಭುಜಕ್ಕೆ ತಾಗುವ ತುದಿಯ ತಗಡಿನ, ಅಂದರೆ ಬಟ್ ಪ್ಲೇಟಿನ ಕೆಳಗಿನ ಅಡ್ಡ ಕಡಿದ ಮುಖಕ್ಕೆ ಐದು ಸಲ, ಅದು ನೀರು ಹೀರುವುದು ಎಲ್ಲಕ್ಕಿಂತ ಹೆಚ್ಚು. ಹೊರಗೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಹರವಿ ಒಣಗಿಸಿ.

ಅಲಗುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಅಟ್ಟದ ಬೆಚ್ಚಗಿನ ಜಾಗದಲ್ಲಿ ಇಡಿ, ಕೆಲಸ ಇನ್ನೂ ಮುಗಿದಿಲ್ಲ. ಮೊದಲ ಮಳೆಗಾಲ ಕಳೆದ ಮೇಲೆ, ಸುಗ್ಗಿಹಬ್ಬ ಪುತ್ತರಿಗೆ ಈಡು ಹಾರಿಸುವ ಮೊದಲು, ಮತ್ತೊಮ್ಮೆ ಬಿಚ್ಚಿ ತೆಳುವಾಗಿ ಮಸಿ ಸವರಿ ಕೂರಿಸಿ ನೋಡಿ. ಬಾಲದ ಹಿಂದಿನ ಬಿಡುವಿನಲ್ಲಿ ಕಪ್ಪು ಕಂಡರೆ 6 ಮಿ.ಮೀ. ಅಲಗಿನಿಂದ ಎರಡು ಎಳೆತ ಸಾಕು. ಹೆರೆದ ಆ ಚೂರು ಜಾಗಕ್ಕೆ ಮತ್ತೆ ಅರಗಿನ ಪಾಲಿಷ್ ಮುಟ್ಟಿಸಿ, ಒಣಗಿದ ಮೇಲೆ ಸ್ಕ್ರೂ ಬಿಗಿಯಿರಿ.